ಗೋಕಾಕ ಕೋಟೆಗೆ ಮುತ್ತಿಗೆ ಹಾಕಿದ ನಮ್ಮ ‘ಮಾರ್ಕೀಸ್’!

ಮುಖಕ್ಕೆ ಬಿಳಿ ಪೌಡರು, ಗೋಪುರದಂಥ ಕೇಶಾಲಂಕಾರ, ಕೈಯಲ್ಲಿ ಬೀಸಣಿಗೆ, ತುಟಿಯಲ್ಲಿ ಕಿರುನಗೆ, ಆ ನಗೆಯ ಹಿಂದೆ ವಿಷ! ಇಂಗ್ಲಿಷ್ ಚಿತ್ರಗಳ ‘ಮಾರ್ಕೀಸ್’ ಅಂದರೆ ನಮ್ಮ ಹುಡುಗರ ಕಣ್ಣಿಗೆ ಕಟ್ಟುವುದು ಇದೇ. 1988ರ ‘ಡೇಂಜರಸ್ ಲಯೇಸನ್ಸ್’ ನೋಡಿದವರು ಗ್ಲೆನ್ ಕ್ಲೋಸ್ ಅವರನ್ನು ಮರೆತಿರಲಾರರು. 1782ರ ಫ್ರೆಂಚ್ ಕಾದಂಬರಿಯಿಂದ ಎದ್ದು ಬಂದ ವಿಧವೆ ಮಾರ್ಕೀಸ್‌ಳ ಪಾತ್ರ ಅದು. ಒಂದು ಪತ್ರ ಬರೆದು ಒಂದು ಸಂಸಾರ ಮುರಿಯುವಂಥ ಹೆಂಗಸು! ಆ ಪಾತ್ರ ಮಾಡಿದಾಗ ಗ್ಲೆನ್ ಕ್ಲೋಸ್‌ಗೆ 41 ವರ್ಷ. ಆಸ್ಕರ್ ಪೈಪೋಟಿಯ ತನಕ ಹೋದರು. ಈ 41 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾದಂಬರಿಯ ಮಾತು ಬಿಡಿ. ಚರಿತ್ರೆಯಲ್ಲಿ ಹೆಸರಾದ ಮಾರ್ಕೀಸ್ ಮದಾಂ ದ ಪೊಂಪದೂರ್. ಫ್ರಾನ್ಸಿನ 15ನೆಯ ಲೂಯಿ ದೊರೆಯ ಪ್ರೇಯಸಿ. 1745ರಲ್ಲಿ ದೊರೆ ಜಹಗೀರೂ ಕೊಟ್ಟ, ಬಿರುದೂ ಕೊಟ್ಟ. ತಮಾಷೆ ಏನಪ್ಪಾ ಅಂದರೆ, ಆ ಬಿರುದಿನ ಮೂಲದಲ್ಲಿರುವುದು ಗಡಿ. ಗಡಿಸೀಮೆ ಕಾಯುವ ಸರದಾರ ಮಾರ್ಕ್ವಿಸ್, ಅವನ ಹೆಂಡತಿ ಮಾರ್ಕೀಸ್. ಪೊಂಪದೂರ್ ಯಾವ ಗಡಿಯನ್ನೂ ಕಾಯಲಿಲ್ಲ.

ಕಾದವಳು ಬೇಕೇನ್ರೀ? ಹಾಗಾದರೆ ಹುನಗುಂದದ ಕಡೆ ಬನ್ನಿ!

ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡು ವಾಪಸ್ಸು ಬರುವವರೇ ಎಲ್ಲ. ಅಲ್ಲಿಂದ ಒಳಗೆ ಹೋದರೆ ಅರಸಿಬೀದಿ ಅನ್ನುವ ಹಳ್ಳಿ ಸಿಗುತ್ತದೆ. ಹೆಸರಿನಲ್ಲೇ ಅರಸಿ ಕೂತಿದ್ದಾಳೆ ನೋಡಿ. ಒಂದು ಕಾಲಕ್ಕೆ ಇದು ವಿಕ್ರಮಪುರ ಎಂಬ ಪಟ್ಟಣ. ಈಗ ಪಾಳುಬಿದ್ದ ಬಸದಿಗಳು, ಹಳಗನ್ನಡದ ದೊಡ್ಡ ಶಾಸನಗಳು. ಇಲ್ಲಿ ಬೀಡುಬಿಟ್ಟು ಆಳಿದ ಹೆಣ್ಣುಮಗಳೇ ಅಕ್ಕಾದೇವಿ.

ಅಕ್ಕಾದೇವಿ ಕಲ್ಯಾಣ ಚಾಲುಕ್ಯರ ಮಗಳು. ಐದನೆಯ ವಿಕ್ರಮಾದಿತ್ಯ, ಜಯಸಿಂಹ ಇವರ ಒಡಹುಟ್ಟಿದವಳು. 1010ರ ಸೂಡಿ ಶಾಸನದ ಹೊತ್ತಿಗಾಗಲೇ ಕಿಸುಕಾಡು ಎಪ್ಪತ್ತರ ಆಡಳಿತ ಆಕೆಯ ಕೈಯಲ್ಲಿತ್ತು. ಎಪ್ಪತ್ತು ಊರುಗಳ ಸೀಮೆ ಅದು. ಕಿಸು ಅಂದರೆ ಕೆಂಪು. ನಮ್ಮ ಪಟ್ಟದಕಲ್ಲೇ ಅಂದಿನ ಕಿಸುವೊಳಲು. ಬಾದಾಮಿಯ ಕೆಂಪು ಬಂಡೆ ಕಂಡವರಿಗೆ ಈ ಹೆಸರು ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಪಟ್ಟದಕಲ್ಲಿನಲ್ಲಿ ಅಕ್ಕಾದೇವಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ರಾಣಿ ಲೋಕಮಹಾದೇವಿ ಗಂಡನ ಕಂಚಿ ವಿಜಯದ ನೆನಪಿಗೆ ವಿರೂಪಾಕ್ಷ ಗುಡಿ ಕಟ್ಟಿಸಿದ್ದಳು. ಅದನ್ನು ಪ್ರವಾಸದ ಬಸ್ಸಿನಲ್ಲಿ ಬಂದು ಎಲ್ಲರೂ ನೋಡುತ್ತಾರೆ. ಆದರೆ ಆ ಯುದ್ಧ ಗೆದ್ದವನು ಗಂಡ. ಅಕ್ಕಾದೇವಿ ತಾನೇ ದಂಡು ಕಟ್ಟಿಕೊಂಡು ಹೋದವಳು!

ಆಕೆಯ ಬಿರುದು ಕೇಳಿ: ‘ಗುಣದ ಬೆಡಂಗಿ’. ಇನ್ನೊಂದು ಬಿರುದು ‘ರಣಭೈರವಿ’. ಒಂದೇ ಹೆಣ್ಣಿಗೆ ಎರಡೂ! ನಮ್ಮ ಸಂಭಾಷಣೆಕಾರರು ರಾತ್ರಿಯಿಡೀ ಕೂತರೂ ಇಂಥ ಜೋಡಿ ಹೊಳೆಯುವುದಿಲ್ಲ.

1047ರಲ್ಲಿ ಅಕ್ಕಾದೇವಿ ಗೋಕಾಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದಳು. ಆ ದಂಡಿನ ನಡುವೆಯೇ ದೂರದ ವಿಕ್ರಮಪುರದ ಜೈನ ಬಸದಿಗೆ ದಾನ ಬಿಟ್ಟಳು. ಬಸದಿಯ ಹೆಸರೂ ಆಕೆಯ ಬಿರುದೇ. ಇದನ್ನೆಲ್ಲ ಹೇಳುವ ಕಲ್ಲು ಅರಸಿಬೀದಿಯಲ್ಲಿದೆ. ಈ ದೃಶ್ಯವನ್ನು ಬೆಳ್ಳಿತೆರೆಯ ಮೇಲೆ ಕಲ್ಪಿಸಿಕೊಳ್ಳಿ: ಎದುರಿಗೆ ಕೋಟೆ, ಕುದುರೆಗಳ ಕೆನೆತ, ಡೇರೆಯೊಳಗೆ ದೀಪ, ಈಕೆ ದಾನದ ಶಾಸನ ಬರೆಸುತ್ತಿದ್ದಾಳೆ. ವಿಸಲ್ ಬೀಳುತ್ತದೋ ಇಲ್ಲವೋ!

ಈಗ ಲೆಕ್ಕ ಹಾಕಿ. 1010ರಲ್ಲೇ ಸೀಮೆ ಆಳುತ್ತಿದ್ದವಳು ಅಂದಾಜು ಹದಿನೆಂಟು ವರ್ಷದವಳೇ ಆಗಿರಲಿ. ಗೋಕಾಕದ ಮುತ್ತಿಗೆಯ ಹೊತ್ತಿಗೆ 55 ಆಯಿತು! ಗಾಂಧಿನಗರ ಬೆಚ್ಚಿ ಬೀಳುವುದು ಇಲ್ಲೇ. ನಮ್ಮಲ್ಲಿ ನಾಯಕಿಗೆ ನಲವತ್ತಾದರೆ ಸಾಕು, ಹಣೆಗೆ ದೊಡ್ಡ ಕುಂಕುಮ ಇಟ್ಟು ‘ಮಗಾ, ಊಟ ಮಾಡು’ ಅನ್ನುವ ಪಾತ್ರಕ್ಕೆ ತಳ್ಳಿಬಿಡುತ್ತಾರೆ. 1961ರ ‘ಕಿತ್ತೂರು ಚೆನ್ನಮ್ಮ’ದಲ್ಲಿ ಬಿ. ಸರೋಜಾದೇವಿ ಸಿಂಹಿಣಿಯಂತೆ ಗರ್ಜಿಸಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ 1778ರಲ್ಲಿ ಹುಟ್ಟಿದ ಚೆನ್ನಮ್ಮನಿಗೆ 1824ರ ಕದನದಲ್ಲಿ 46. ಸರೋಜಾದೇವಿಯವರಿಗೆ ಆಗ 23 ಮಾತ್ರ!

1967ರಲ್ಲಿ ರಾಜಣ್ಣ ‘ಇಮ್ಮಡಿ ಪುಲಿಕೇಶಿ’ಯಾಗಿ ಬಂದಾಗ ಬಾದಾಮಿಯ ಹೆಸರು ನಾಡಿನ ಟೆಂಟುಗಳಲ್ಲೆಲ್ಲ ಮೊಳಗಿತು. ಅದೇ ಸೀಮೆಯ ಅಕ್ಕಾದೇವಿಗೆ ಇನ್ನೂ ತೆರೆ ಸರಿದಿಲ್ಲ. ಖರ್ಚಿನ ನೆಪ ಬೇಡ. ಪಟ್ಟದಕಲ್ಲು ಇದೆ, ಬಾದಾಮಿಯ ಕೋಟೆ ಇದೆ, ಸೀರೆಗೆ ಇಳಕಲ್ಲ ಮಗ್ಗಗಳಿವೆ. ಕೆಂಪು ಸೆರಗು ಸೊಂಟಕ್ಕೆ ಬಿಗಿದು ಐವತ್ತೈದರ ಹೆಂಗಸೊಬ್ಬಳು ಕುದುರೆ ಏರಿದರೆ ಜನ ಎದ್ದು ಹೋಗುತ್ತಾರೆ ಅಂತ ಯಾವ ನಿರ್ಮಾಪಕ ಹೇಳುತ್ತಾನೋ, ಅವನನ್ನು ಒಮ್ಮೆ ಬಾಗಲಕೋಟೆ ಸಂತೆಗೆ ಕರೆತನ್ನಿ. ಗಾಡಿ ಹೂಡಿಕೊಂಡು ಬಂದ ನಮ್ಮ ಅವ್ವಂದಿರನ್ನು ನೋಡಲಿ.

ಅಂದಹಾಗೆ ಗೆಳೆಯರೇ, ಅಕ್ಕಾದೇವಿ ಯಾರಾಗಬೇಕು? ಕಾರ್ಡು ಬರೆಯಿರಿ. ಒಂದೇ ಷರತ್ತು: ನೀವು ಸೂಚಿಸುವ ತಾರೆಗೆ ಐವತ್ತು ದಾಟಿರಬೇಕು.