ಒಂದೇ ಮಳೆಯನ್ನು ನಂಬಿದ ಗಾಣಗಳು

ಕಡಿದ ಕಬ್ಬು ಕಾಯುವುದಿಲ್ಲ. ಗದ್ದೆಯಿಂದ ಹೊರಟ ಟ್ರ್ಯಾಕ್ಟರ್ ಕಾರ್ಖಾನೆ ಗೇಟಿನಲ್ಲಿ ಎರಡು ದಿನ ನಿಂತರೆ ಬಿಸಿಲಿಗೆ ಜಲ್ಲೆ ಒಣಗುತ್ತದೆ. ರೈತನಿಗೆ ತೂಕದಲ್ಲಿ ನಷ್ಟ, ಕಾರ್ಖಾನೆಗೆ ಸಕ್ಕರೆ ಇಳುವರಿಯಲ್ಲಿ. ಗೋದಾಮಿನಲ್ಲಿ ಪೇರಿಸಿಟ್ಟುಕೊಳ್ಳುವ ಕಚ್ಚಾ ಮಾಲಲ್ಲ ಇದು. ಕಬ್ಬು ಬರುವುದು ನಿಂತರೆ ಬಾಯ್ಲರ್‌ಗೆ ಉರುವಲಾಗುವ ಸಿಪ್ಪೆಯೂ ಇಲ್ಲ.

ಮಂಡ್ಯ ಜಿಲ್ಲೆಯ ಪಾಂಡವಪುರ, ಶ್ರೀರಂಗಪಟ್ಟಣದ ಕಬ್ಬಿಗೆ ಕಾವೇರಿಯ ಕಣ್ಣಂಬಾಡಿ ಕಟ್ಟೆಯ (ಕೆಆರ್‌ಎಸ್) ನಾಲೆಗಳೇ ಆಸರೆ. ಕೆ.ಆರ್.ಪೇಟೆಗೆ ಹೇಮಾವತಿ ಇದೆ. ಅಲ್ಲಿನ ಮಾಕವಳ್ಳಿಯಲ್ಲಿ ಕೋರಮಂಡಲ್ ಸಕ್ಕರೆ ಕಾರ್ಖಾನೆ ಇದೆ. ಎರಡು ನದಿ, ಎರಡು ಅಣೆಕಟ್ಟು ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಗೊರೂರಿನ ಅಣೆಕಟ್ಟಿನಿಂದ ಇಳಿದು ಬರುವ ಹೇಮಾವತಿ ಕೊನೆಗೆ ಸೇರುವುದು ಕಣ್ಣಂಬಾಡಿಯ ಹಿನ್ನೀರನ್ನೇ. ಎರಡೂ ನದಿಗಳು ಕಾಯುವುದು ಪಶ್ಚಿಮ ಘಟ್ಟದ ಅದೇ ಮುಂಗಾರನ್ನು. 2023ರಲ್ಲಿ ಆ ಮಳೆ ಕೈಕೊಟ್ಟಾಗ 124.80 ಅಡಿಯ ಕೆಆರ್‌ಎಸ್ ತುಂಬಲೇ ಇಲ್ಲ. ಪೂರೈಕೆದಾರರು ಹತ್ತು ಮಂದಿ ಇದ್ದರೂ ಅವರೆಲ್ಲರ ಬೇರು ಒಂದೇ ಕಡೆ ಇದ್ದರೆ ಅದು ಒಬ್ಬನನ್ನೇ ನಂಬಿದಂತೆ. ಯಾವುದೇ ಉದ್ಯಮ ತನ್ನ ಸರಕಿನ ಮೂಲವನ್ನು ಇಷ್ಟು ಹಿಂದಕ್ಕೆ ಹೋಗಿ ನೋಡಬೇಕು.

ಅಪಾಯ ಎದುರು ದಿಕ್ಕಿನಿಂದಲೂ ಬರುತ್ತದೆ. ಪಾಂಡವಪುರ ಸಹಕಾರಿ ಸಕ್ಕರೆ ಕಾರ್ಖಾನೆ ಕೆಲವು ವರ್ಷ ಬಾಗಿಲು ಹಾಕಿತ್ತು; 2020ರಲ್ಲಿ ಸರ್ಕಾರ ಅದನ್ನು 40 ವರ್ಷದ ಗುತ್ತಿಗೆಗೆ ನಿರಾಣಿ ಶುಗರ್ಸ್‌ಗೆ ಕೊಟ್ಟಿತು. ಗಾಣ ನಿಂತಾಗ ಗದ್ದೆಯಲ್ಲಿ ಬೆಳೆದು ನಿಂತ ಕಬ್ಬು ಎಲ್ಲಿಗೆ ಹೋಗಬೇಕು? ದೂರದ ಕಾರ್ಖಾನೆಗೆ ಸಾಗಿಸಿದರೆ ಬಾಡಿಗೆ, ಕಾಯಿಸಿದರೆ ಒಣಗು.

ಆಗ ಕೈಹಿಡಿಯುವುದು ಆಲೆಮನೆ. ಎರಡು ಮೂರು ಕೊಪ್ಪರಿಗೆ, ಒಂದು ಗಾಣ, ಉರುವಲಿಗೆ ಒಣಗಿಸಿದ ಸಿಪ್ಪೆ. ಬೆಳಗ್ಗೆ ಕಡಿದ ಕಬ್ಬು ಸಂಜೆಯೊಳಗೆ ಅಚ್ಚಿನಲ್ಲಿ ಬೆಲ್ಲವಾಗಿರುತ್ತದೆ. ಬೆಲ್ಲದ ದರ ಏರಿದ ವರ್ಷ ಇದೇ ಆಲೆಮನೆ ಕಾರ್ಖಾನೆಯ ಕಬ್ಬನ್ನೂ ಸೆಳೆಯುತ್ತದೆ. ಮಂಡ್ಯ ಸೀಮೆಯ ರೈತ ಉಳಿದುಕೊಂಡಿರುವುದರಲ್ಲಿ ಈ ಎರಡನೇ ಬಾಗಿಲಿನ ಪಾಲು ದೊಡ್ಡದು. ಅದನ್ನು ಹಳೆಯ ಕಸುಬೆಂದು ತಳ್ಳಿಹಾಕುವುದು ತಪ್ಪು.

ಹಣ ತಡವಾದರೂ ಕಾರ್ಖಾನೆಗೆ ಕಬ್ಬು ಕೈತಪ್ಪುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ರೈತನಿಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಬಾಕಿ ಉಳಿಸಿಕೊಂಡ ಕಾರ್ಖಾನೆ ಮುಂದಿನ ಹಂಗಾಮಿನ ತನ್ನ ಕಬ್ಬಿಗೇ ಕೊಡಲಿ ಹಾಕಿಕೊಳ್ಳುತ್ತದೆ. ಹಣ ಸಿಗದ ರೈತ ಭತ್ತಕ್ಕೆ ತಿರುಗುತ್ತಾನೆ.

ನಾಲೆ ನೀರು ಅಷ್ಟಾಗಿ ಕಾಣದ ನಾಗಮಂಗಲದಲ್ಲಿ ಲೆಕ್ಕವೇ ಬೇರೆ; ಅಲ್ಲಿನ ರೈತ ಒಂದೇ ಬೆಳೆಯನ್ನು ನಂಬಿ ಕೂರುವುದಿಲ್ಲ. ಹೊಲದಲ್ಲಿ ರಾಗಿ, ಹುರುಳಿ, ಬದುವಿನಲ್ಲಿ ತೆಂಗು, ಕೊಟ್ಟಿಗೆಯಲ್ಲಿ ಹಸು. ಮಳೆ ತಪ್ಪಿದ ವರ್ಷವೂ ಬೆಳಗ್ಗೆ, ಸಂಜೆ ಡೇರಿಗೆ ಹಾಲಿನ ಕ್ಯಾನು ಹೋಗುತ್ತದೆ.