ಒಂಟಿಮನೆಯ ಮನೋವ್ಯಥೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಯಕ್ಷಗಾನದ ಸ್ತ್ರೀವೇಷಕ್ಕೆ ದೊರೆಯುವ ಮನ್ನಣೆ ದೊಡ್ಡದು. ಗಂಡಸೊಬ್ಬನು ದ್ರೌಪದಿಯೋ ದಮಯಂತಿಯೋ ಆಗಿ ರಂಗಸ್ಥಳಕ್ಕೆ ಬಂದರೆ ಅವನ ನಡೆನುಡಿಗಳ ಲಾಲಿತ್ಯವನ್ನು ಬೆಳಗಿನ ಜಾವದವರೆಗೆ ಕುಳಿತು ಮೆಚ್ಚುವ ಜನ ನಾವು. ಅದೇ ಲಾಲಿತ್ಯ ಶಾಲೆಗೆ ಹೋಗುವ ಹುಡುಗನೊಬ್ಬನಲ್ಲಿ ಸಹಜವಾಗಿ ಕಂಡರೆ ಅವನಿಗೆ ಅಡ್ಡಹೆಸರಿಡುತ್ತೇವೆ. ಬೃಹನ್ನಳೆಯ ಕಥೆ ನಮ್ಮಲ್ಲಿದೆಯಲ್ಲ ಎಂದು ಸಮಾಧಾನಪಡುವವರುಂಟು. ನನಗೆ ಆ ಸಮಾಧಾನ ಸಾಲದು. ಅದು ಒಂದು ವರ್ಷದ ಅಜ್ಞಾತವಾಸದ ರೂಪ. ಒಳಗಿರುವವನು ಅರ್ಜುನನೆಂದು ನೋಡುವವರಿಗೆಲ್ಲ ಮೊದಲೇ ಗೊತ್ತು.

ಹುಟ್ಟಿದ ದೇಹಕ್ಕೆ ಲೋಕ ಹಚ್ಚಿದ ಲಿಂಗವನ್ನು ತನ್ನದೆಂದು ಒಪ್ಪಲಾರದವರು, ತಮ್ಮದೇ ಲಿಂಗದವರಲ್ಲಿ ಅನುರಾಗವುಳ್ಳವರು, ಇವರನ್ನು ಲೈಂಗಿಕ ಹಾಗೂ ಲಿಂಗತ್ವ ಅಲ್ಪಸಂಖ್ಯಾತರೆಂದು ಕರೆಯುವುದು ಈಗ ರೂಢಿ. ಖಿನ್ನತೆ, ಆತಂಕ, ಆತ್ಮಹತ್ಯೆಯ ಯೋಚನೆಗಳು ಇವರಲ್ಲಿ ಉಳಿದವರಿಗಿಂತ ಹೆಚ್ಚೆಂದು ಅನೇಕ ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ಹಾಗಾದರೆ ಆ ಸ್ವಭಾವವೇ ರೋಗವೆ? ಅಲ್ಲ. ಸಲಿಂಗಾನುರಾಗವನ್ನು ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ರೋಗಗಳ ಪಟ್ಟಿಯಿಂದ ತೆಗೆದುಹಾಕಿದವು. ಅದು ರೋಗವಲ್ಲವೆಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಸಾರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅದು ಅಪರಾಧವೂ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.

ರೋಗವಲ್ಲದ್ದು ರೋಗಕ್ಕೆ ದಾರಿಯಾಗುವುದು ಹೇಗೆ? ಇಲಾನ್ ಮೇಯರ್ ಎಂಬ ವಿದ್ವಾಂಸರು 2003ರಲ್ಲಿ ಪ್ರಕಟಿಸಿದ ವಿವೇಚನೆ ಇಲ್ಲಿ ನೆರವಾಗುತ್ತದೆ. ಮೊದಲನೆಯದು ಹೊರಗಿನಿಂದ ಬರುವ ಅವಮಾನ, ಹಿಂಸೆ. ಅದು ಮತ್ತೆ ಯಾವಾಗ ಬಂದೀತೋ ಎಂದು ಕಾಯುವ ಎಚ್ಚರ, ತನ್ನನ್ನು ಬಚ್ಚಿಟ್ಟುಕೊಳ್ಳುವ ಶ್ರಮ ಅನಂತರದವು. ಕಡೆಗೆ ಲೋಕದ ತಿರಸ್ಕಾರವನ್ನು ತಾನೂ ಒಪ್ಪಿ ತನಗೆ ತಾನೇ ಹೇಸಿಕೊಳ್ಳುವುದು. ಈ ಕಡೆಯದೇ ಘೋರವೆಂದು ನನಗೆ ತೋರುತ್ತದೆ. ಹಂಗಿಸುವವನು ಒಳಗೇ ಕುಳಿತಿರುವಾಗ ಓಡುವುದೆಲ್ಲಿಗೆ?

ತನ್ನಂಥವರ ಒಡನಾಟ ಈ ಭಾರವನ್ನು ಇಳಿಸುತ್ತದೆಂದೂ ಮೇಯರ್ ಹೇಳುತ್ತಾರೆ. ನಮ್ಮ ಮಲೆನಾಡಿನಲ್ಲಿ ಕೊರತೆಯಿರುವುದು ಅದಕ್ಕೇ. ಅಡಕೆ ತೋಟದ ಅಂಚಿನ ಒಂಟಿಮನೆಯಲ್ಲಿ ಬೆಳೆಯುವ ಮಗುವಿಗೆ ತನ್ನಂಥ ಇನ್ನೊಂದು ಜೀವ ಭೂಮಿಯ ಮೇಲೆ ಇದೆಯೆಂಬುದೇ ತಿಳಿಯದು. ವಯಸ್ಸಿಗೆ ಬಂದೊಡನೆ ಹಿರಿಯರು ಹೇಳುವ ಮದ್ದು ಮದುವೆ. ಅದರಿಂದ ಒಂದು ಜೀವದ ಸಂಕಟ ಎರಡು ಜೀವಗಳದಾಗುತ್ತದೆ. ಸ್ವಭಾವವನ್ನೇ ಬದಲಿಸಿಕೊಡುತ್ತೇವೆನ್ನುವ ವೈದ್ಯರೂ ಇದ್ದರು. ಮದರಾಸು ಉಚ್ಚ ನ್ಯಾಯಾಲಯದ 2021ರ ಆದೇಶದ ಬೆನ್ನಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಅಂಥ ಚಿಕಿತ್ಸೆಯನ್ನು ವೃತ್ತಿದ್ರೋಹವೆಂದು ಘೋಷಿಸಿತು.

ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ತಾರುಣ್ಯದಲ್ಲಿ ಪ್ರಾಣ ನೀಗಲು ಹೊರಟಿದ್ದವರು. ಅವರನ್ನು ಉಳಿಸಿದ್ದರಲ್ಲಿ ಜೋಗತಿಯರ ಬಳಗದ, ಆ ಕಲೆಯ ಪಾಲು ದೊಡ್ಡದು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿಗಿಂತ ಆ ಬಳಗ ನನಗೆ ಮುಖ್ಯವಾಗಿ ಕಾಣುತ್ತದೆ.

ತೀರ್ಥಹಳ್ಳಿ ತಾಲೂಕಿಗೆ ಮನೋವೈದ್ಯ ಹೊಸದಲ್ಲ. ಸ್ಕಿಜೋಫ್ರೇನಿಯಾ ಪೀಡಿತರನ್ನು ಊರೂರುಗಳಲ್ಲಿ ಗುರುತಿಸಿ ಚಿಕಿತ್ಸೆಯನ್ನು ಅವರ ಸಮೀಪಕ್ಕೆ ಒಯ್ಯುವ ಕೆಲಸವನ್ನು ಬೆಂಗಳೂರಿನ ನಿಮ್ಹಾನ್ಸ್ ತಜ್ಞರು 2005ರಲ್ಲಿಯೇ ಅಲ್ಲಿ ಆರಂಭಿಸಿದ್ದರು. ಲೈಂಗಿಕ ಒಲವಿನ ಕಾರಣದಿಂದ ಯಾರಿಗೂ ಮಾನಸಿಕ ಚಿಕಿತ್ಸೆಯಲ್ಲಿ ಭೇದ ಮಾಡಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಮನೆಯವರ ಕಿವಿಗೆ ಬೀಳದಂತೆ ಮಾತನಾಡಬೇಕಾದವರು, ಫೋನು ಹಿಡಿದು ಗುಡ್ಡದ ನೆತ್ತಿಗೆ ಹೋಗಬೇಕಾದೀತು. ಅಲ್ಲಿ ಸಿಗ್ನಲ್ಲೂ ಚೆನ್ನಾಗಿ ಸಿಗುತ್ತದೆ.