ಶಾಲೆಯಲ್ಲಿ ಇಂಟರ್‌ನೆಟ್: ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಪಾಲಕರು ಪಾಲಿಸಬೇಕಾದ ನಿಯಮಗಳು

ಮಾನ್ಯ ದಾನಿಗಳೇ ಹಾಗೂ ವಿದ್ಯಾರ್ಥಿವೇತನ ಪಡೆಯುತ್ತಿರುವ ಮಕ್ಕಳ ಪಾಲಕರೇ,



ವಾರ್ಷಿಕ ವರದಿಯಲ್ಲಿ ಜಮಾ-ಖರ್ಚಿನ ಲೆಕ್ಕ ಮತ್ತು ವಿದ್ಯಾರ್ಥಿವೇತನದ ವಿವರ ಕೊಡುವುದು ರೂಢಿ. ಈ ಸಲ ಅದರ ಜೊತೆಗೆ ಇಂಟರ್‌ನೆಟ್ ಬಳಕೆಯ ನಿಯಮಗಳನ್ನೂ ವಿವರಿಸುತ್ತಿದ್ದೇವೆ. ಏಕೆಂದರೆ ಇಂದು ಮಗುವಿನ ಓದು ಮತ್ತು ವಿದ್ಯಾರ್ಥಿವೇತನ ಎರಡೂ ಇದೇ ದಾರಿಯಲ್ಲಿ ಸಾಗುತ್ತಿವೆ. ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕೆ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್ ಇದೆ, ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಇದೆ. ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಬರುತ್ತದೆ. ಪಠ್ಯಪುಸ್ತಕದಲ್ಲಿ ದೀಕ್ಷಾ ಆ್ಯಪ್‌ನ ಕ್ಯೂಆರ್ ಕೋಡ್ ಇರುತ್ತದೆ, ಮನೆಪಾಠ ವಾಟ್ಸಾಪ್ ಗ್ರೂಪ್‌ಗೆ ಬರುತ್ತದೆ.

ರಂಗಂಪೇಟೆ, ಸುರಪುರ ಭಾಗದ ಅನೇಕ ಮನೆಗಳಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನ್. ಯಜಮಾನರು ದುಡಿಯಲು ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋದರೆ ಫೋನೂ ಅವರ ಜೊತೆ ಹೋಗುತ್ತದೆ. ಮಗು ಇಲ್ಲಿ ಅರ್ಜಿ ತುಂಬಿದರೆ ಒಟಿಪಿ ಅಲ್ಲಿ ಬರುತ್ತದೆ. ಇಂಥ ಪರಿಸ್ಥಿತಿಗೆ ಹೊಂದುವ ನಿಯಮಗಳಾದರೆ ಮಾತ್ರ ಉಪಯೋಗಕ್ಕೆ ಬರುತ್ತವೆ.

1. ಅರ್ಜಿ ಹಾಕುವಾಗ

ನೆಟ್ ಸೆಂಟರ್‌ನಲ್ಲಿ ಅರ್ಜಿ ಹಾಕಿಸುವವರು ಕುಟುಂಬದ ಮೊಬೈಲ್ ಸಂಖ್ಯೆಯನ್ನೇ ಕೊಡಬೇಕು. ಅವಸರದಲ್ಲಿ ಸೆಂಟರ್‌ನವರ ಸಂಖ್ಯೆ ಹಾಕಿಸಿದರೆ ಮುಂದಿನ ಒಟಿಪಿಗಳೆಲ್ಲ ಅವರಿಗೆ ಹೋಗುತ್ತವೆ. ಮರುವರ್ಷ ನವೀಕರಣಕ್ಕೆ ಅವರನ್ನೇ ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಮನೆಯವರ ಫೋನ್ ಊರಲ್ಲಿ ಇಲ್ಲದಿದ್ದರೆ, ಯಾವ ದಿನ ಎಷ್ಟು ಹೊತ್ತಿಗೆ ಅರ್ಜಿ ಹಾಕುತ್ತೇವೆ ಎಂದು ಮೊದಲೇ ತಿಳಿಸಿ, ಆ ಹೊತ್ತಿಗೆ ಒಟಿಪಿಯನ್ನು ಮನೆಯವರಿಗೆ ಮಾತ್ರ ಹೇಳುವಂತೆ ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಆಗಿದೆಯೇ ನೋಡಿ. ಆಧಾರ್, ಆದಾಯ ಪ್ರಮಾಣಪತ್ರ, ಅಂಕಪಟ್ಟಿಯ ಪ್ರತಿಗಳು ಆ ಕಂಪ್ಯೂಟರ್‌ನಲ್ಲಿ ಉಳಿದಿದ್ದರೆ ಅಳಿಸಲು ಹೇಳಿ. ಕೇಳಲು ಸಂಕೋಚ ಬೇಡ.

ಸರ್ಕಾರದ ವೆಬ್‌ಸೈಟ್‌ ವಿಳಾಸದ ಮೊದಲ ಅಡ್ಡಗೆರೆಗಿಂತ ಮುಂಚಿನ ಭಾಗ 'ಡಾಟ್ ಗವ್ ಡಾಟ್ ಇನ್' ಅಥವಾ 'ಡಾಟ್ ನಿಕ್ ಡಾಟ್ ಇನ್' ಎಂದು ಮುಗಿಯುತ್ತದೆ. 'ಗವ್' ಎಂಬ ಅಕ್ಷರಗಳು ನಡುವೆ ಎಲ್ಲೋ ಇದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ಸರ್ಕಾರದ್ದಲ್ಲ. 'ಉಚಿತ ಲ್ಯಾಪ್‌ಟಾಪ್', 'ಕೂಡಲೇ ನೋಂದಾಯಿಸಿ, ಹತ್ತು ಜನರಿಗೆ ಕಳಿಸಿ' ಎಂಬಂಥ ಸಂದೇಶ ಬಂದರೆ ತೆರೆಯಬೇಡಿ, ಮುಂದಕ್ಕೂ ಕಳಿಸಬೇಡಿ. ಹತ್ತು ಜನರಿಗೆ ಕಳಿಸಿದರೆ ಸಿಗುವ ಸರ್ಕಾರಿ ಯೋಜನೆ ಯಾವುದೂ ಇಲ್ಲ.

2. ಖಾತೆ, ಒಟಿಪಿ ಮತ್ತು ಸಿಮ್

ವಿದ್ಯಾರ್ಥಿವೇತನ ಮಂಜೂರಾಗಿದೆ, ಒಟಿಪಿ ಹೇಳಿ ಎಂದು ಕರೆ ಬಂದರೆ ಅದು ಮೋಸ. ಹಣ ಬರಲು ಒಟಿಪಿ ಬೇಕಿಲ್ಲ, ಯುಪಿಐ ಪಿನ್ ಒತ್ತುವುದೂ ಬೇಕಿಲ್ಲ. ಪಿನ್ ಒತ್ತಬೇಕಾಗುವುದು ನಮ್ಮ ಖಾತೆಯಿಂದ ಹಣ ಕಳಿಸುವಾಗ, ಹಣ ಪಡೆಯುವಾಗ ಅಲ್ಲ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರು ತಾವಾಗಿಯೇ ಗುಟ್ಟಿನ ಸಂಖ್ಯೆಯನ್ನು ಹೇಳಿಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ. ಆದ್ದರಿಂದ ಮೋಸ ಹೋದದ್ದು ಗೊತ್ತಾದ ಕೂಡಲೇ ಬ್ಯಾಂಕಿಗೆ ತಿಳಿಸಿ, 1930 ಸಂಖ್ಯೆಗೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ದೂರು ತಲುಪಿದರೆ ತಡೆಹಿಡಿಯುವ ಅವಕಾಶ ಇರುತ್ತದೆ. ನಾಳೆ ನೋಡೋಣ ಎಂದರೆ ಆ ಅವಕಾಶ ಕೈತಪ್ಪುತ್ತದೆ.

ಕಾಲೇಜು ವಿದ್ಯಾರ್ಥಿಗಳಿಗೆ ಇನ್ನೊಂದು ಎಚ್ಚರಿಕೆ. ನಿನ್ನ ಖಾತೆ, ಎಟಿಎಂ ಕಾರ್ಡ್ ಅಥವಾ ಸಿಮ್ ಸ್ವಲ್ಪ ದಿನ ಕೊಡು, ಕಮಿಷನ್ ಕೊಡುತ್ತೇವೆ ಎನ್ನುವವರಿದ್ದಾರೆ. ಬೇರೆ ಊರಲ್ಲಿ ಕದ್ದ ಹಣವನ್ನು ಇಂಥ ಖಾತೆಗಳ ಮೂಲಕ ಸಾಗಿಸುತ್ತಾರೆ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರನ್ನು. ಖಾತೆ ಸ್ತಂಭನವಾದರೆ ಅದರಲ್ಲಿ ಬಂದ ವಿದ್ಯಾರ್ಥಿವೇತನವೂ ಸಿಕ್ಕಿಹಾಕಿಕೊಳ್ಳುತ್ತದೆ.

3. ಸುದ್ದಿ ಬಂದಾಗ

ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. 2018ರ ಜುಲೈ 13ರಂದು ನಮ್ಮದೇ ಕಲಬುರಗಿ ವಿಭಾಗದ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಒಬ್ಬ ಯುವ ಇಂಜಿನಿಯರ್ ಜನರ ಗುಂಪಿನ ಹೊಡೆತಕ್ಕೆ ಸಿಕ್ಕು ಪ್ರಾಣ ಬಿಟ್ಟರು. ಜೊತೆಗಿದ್ದ ಗೆಳೆಯರು ಗಾಯಗೊಂಡರು, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಅವರು ಮಾಡಿದ್ದು ಇಷ್ಟೇ: ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸಾಪ್‌ನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ವಾಟ್ಸಾಪ್ ಗ್ರೂಪ್‌ನ ಅಡ್ಮಿನ್ ಸೇರಿ ಹಲವರನ್ನು ಪೊಲೀಸರು ಬಂಧಿಸಿದರು. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದೆಂದು ಮಿತಿ ಹಾಕಿತು. 2020ರ ಏಪ್ರಿಲ್‌ನಿಂದ, ಬಹಳ ಸಲ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಲು ಸಾಧ್ಯ.

ಆ ಸಂದೇಶ ಕಳಿಸಿದವರಲ್ಲಿ ಬಹುತೇಕರು ಮಕ್ಕಳ ಒಳಿತನ್ನೇ ಬಯಸಿದ್ದಿರಬಹುದು. ಒಳ್ಳೆಯ ಉದ್ದೇಶ ಇದ್ದಮಾತ್ರಕ್ಕೆ ಸುದ್ದಿ ನಿಜವಾಗುವುದಿಲ್ಲ. ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂಬುದು ನಮಗೆ ಹೊಸ ಪಾಠವಲ್ಲ. ಸೂರಾ ಹುಜುರಾತ್‌ನ 6ನೇ ಆಯತ್ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಮಕ್ಕಳಿಗೆ ಮೂರು ಪ್ರಶ್ನೆ ಕಲಿಸಿ. ಇದನ್ನು ಮೊದಲು ಹೇಳಿದವರು ಯಾರು? ಯಾವಾಗಿನದು? ಬೇರೆ ಯಾರಾದರೂ ಹೊಣೆಯುಳ್ಳವರು ಹೇಳಿದ್ದಾರೆಯೇ? ಮೂರಕ್ಕೂ ಉತ್ತರ ಸಿಗದಿದ್ದರೆ ಆ ಸಂದೇಶ ನಮ್ಮ ಫೋನಿನಲ್ಲೇ ನಿಲ್ಲಲಿ. ಧರ್ಮ ಅಥವಾ ಜಾತಿಗಳ ನಡುವೆ ದ್ವೇಷ ಹುಟ್ಟಿಸುವ ಬರಹಕ್ಕೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಅಡಿ 3 ವರ್ಷದವರೆಗೆ ಶಿಕ್ಷೆ ಇದೆ. 'ನಾನು ಬರೆದಿದ್ದಲ್ಲ, ಫಾರ್ವರ್ಡ್ ಮಾಡಿದ್ದು' ಎಂದರೆ ಹೊಣೆ ತಪ್ಪುವುದಿಲ್ಲ.

4. ಫೋಟೊ ಮತ್ತು ಹೆಣ್ಣುಮಕ್ಕಳ ಓದು

ಸಹಪಾಠಿಯ ಫೋಟೊವನ್ನು ಕೇಳದೆ ತೆಗೆಯುವುದು, ತಿದ್ದುವುದು, ಹಂಚುವುದು ತಮಾಷೆಯಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ ಕಲಂ ಅಡಿ ಇನ್ನೊಬ್ಬರ ಪಾಸ್‌ವರ್ಡ್ ಅಥವಾ ಗುರುತನ್ನು ಮೋಸದಿಂದ ಬಳಸಿದವರಿಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಮಕ್ಕಳ ಅಶ್ಲೀಲ ಚಿತ್ರವನ್ನು ಹಂಚಿದರೆ 67ಬಿ ಕಲಂ ಅಡಿ ಮೊದಲ ಅಪರಾಧಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. 18 ವರ್ಷದೊಳಗಿನವರ ಪ್ರಕರಣ ಬಾಲ ನ್ಯಾಯ ಮಂಡಳಿಯ ಮುಂದೆ ಬರುತ್ತದೆ.

ಪಾಲಕರಲ್ಲಿ ನಮ್ಮ ಮುಖ್ಯ ವಿನಂತಿ ಇಲ್ಲಿದೆ. ಯಾರೋ ಒಬ್ಬ ಕೆಟ್ಟ ಸಂದೇಶ ಕಳಿಸಿದ ಎಂದು ಮಗಳ ಫೋನ್ ಕಿತ್ತುಕೊಂಡು, ಶಾಲೆ ಬಿಡಿಸಿದರೆ ತಪ್ಪು ಮಾಡಿದವನು ಹಾಯಾಗಿರುತ್ತಾನೆ, ಶಿಕ್ಷೆ ಮಗಳಿಗೆ ಆಗುತ್ತದೆ. ಅಷ್ಟೇ ಅಲ್ಲ, ಇದನ್ನು ನೋಡಿದ ಉಳಿದ ಹುಡುಗಿಯರು ಮುಂದೆ ಏನಾದರೂ ಬಾಯಿ ಬಿಡುವುದಿಲ್ಲ. ಬೆದರಿಸುವವರಿಗೆ ಬೇಕಾಗಿರುವುದೂ ಆ ಮೌನವೇ. ಮಗು ಬಂದು ಹೇಳಿದರೆ ಮೊದಲು ಸಮಾಧಾನ ಮಾಡಿ. ಸಂದೇಶವನ್ನು ಅಳಿಸದೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಆ ಸಂಖ್ಯೆಯನ್ನು ಬ್ಲಾಕ್ ಮಾಡಿ. ನಂತರ ಮುಖ್ಯಗುರುಗಳಿಗೆ, ಅಗತ್ಯವಿದ್ದರೆ ಪೊಲೀಸರಿಗೆ ತಿಳಿಸಿ. ಆದರೆ ಮಕ್ಕಳ ಅಶ್ಲೀಲ ಚಿತ್ರವಾಗಿದ್ದರೆ ಅದರ ಪ್ರತಿ ತೆಗೆಯಬೇಡಿ, ಯಾರಿಗೂ ಕಳಿಸಬೇಡಿ. ಫೋನನ್ನೇ ಠಾಣೆಗೆ ಒಯ್ದು ತೋರಿಸಿ.

ಕೇರಳದಲ್ಲಿ ಕಾಲೇಜು ಹಾಸ್ಟೆಲ್ ಒಂದು ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಬಳಸಬಾರದೆಂದು ನಿಯಮ ಮಾಡಿತ್ತು. ಒಪ್ಪದ ವಿದ್ಯಾರ್ಥಿನಿಯನ್ನು ಹೊರಹಾಕಿತು. ಅವರು ಹೈಕೋರ್ಟಿಗೆ ಹೋದರು. 2019ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯವು ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿ, ಅವರನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಶಿಸ್ತು ಬೇಕು, ಆದರೆ ಅದು ಓದಿಗೆ ಅಡ್ಡಿಯಾಗಬಾರದು ಎಂಬುದು ಇದರ ತಾತ್ಪರ್ಯ.

5. ಶಿಕ್ಷಕರಿಗೆ

ತರಗತಿಯ ಗ್ರೂಪ್ ಶಾಲೆಯ ವಿಷಯಕ್ಕೆ ಮಾತ್ರ ಇರಲಿ. ಅಡ್ಮಿನ್ ಮಾತ್ರ ಬರೆಯುವಂತೆ ಇಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಮಕ್ಕಳ ಬದಲು ತಂದೆ ಅಥವಾ ತಾಯಿಯ ಸಂಖ್ಯೆಯನ್ನು ಸೇರಿಸುವುದು ಒಳ್ಳೆಯದು. ವಿದ್ಯಾರ್ಥಿಗೆ ಖಾಸಗಿಯಾಗಿ, ರಾತ್ರಿ ಹೊತ್ತಿನಲ್ಲಿ ಸಂದೇಶ ಕಳಿಸಬಾರದು. ಅಂಕ, ಶುಲ್ಕದ ಬಾಕಿ, ಆಧಾರ್ ಸಂಖ್ಯೆ ಇರುವ ಪಟ್ಟಿಯನ್ನು ಗ್ರೂಪ್‌ಗೆ ಹಾಕಬಾರದು. ಆಧಾರ್ ಬೇಕಾದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ಸಾಕಾಗುತ್ತದೆಯೇ ನೋಡಬೇಕು. ಗ್ರೂಪ್‌ನಲ್ಲಿ ಇಲ್ಲದ ಮಗುವಿಗೆ ಮನೆಪಾಠ ಗೊತ್ತಾಗಲು ಕರಿಹಲಗೆಯ ಮೇಲೂ ಬರೆಯಬೇಕು; ಫೋನ್ ಇಲ್ಲದ್ದಕ್ಕೆ ಮಗು ಹಿಂದುಳಿಯಬಾರದು.

ಪರದೆಯ ಮುಂದೆ ಎಷ್ಟು ಹೊತ್ತು ಎಂಬುದಕ್ಕೂ ಅಳತೆ ಇದೆ. ಕೇಂದ್ರ ಶಿಕ್ಷಣ ಇಲಾಖೆ 2020ರ ಜುಲೈನಲ್ಲಿ ಹೊರಡಿಸಿದ 'ಪ್ರಜ್ಞಾತಾ' ಮಾರ್ಗಸೂಚಿಯು 1ರಿಂದ 8ನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿ, 9ರಿಂದ 12ನೇ ತರಗತಿಗೆ ನಾಲ್ಕು ಅವಧಿ ಮೀರದ ಆನ್‌ಲೈನ್ ಪಾಠವನ್ನು ಸೂಚಿಸಿತ್ತು. ಎಐ ಆ್ಯಪ್‌ಗಳಿಂದ ಉತ್ತರ ನಕಲು ಮಾಡಿ ತಂದ ಮಗುವನ್ನು ಬೈಯುವ ಬದಲು, ಅದೇ ಉತ್ತರವನ್ನು ತನ್ನ ಮಾತಿನಲ್ಲಿ ಹೇಳಲು ಕೇಳಿದರೆ ಕಲಿತದ್ದೆಷ್ಟು ಎಂದು ತಿಳಿಯುತ್ತದೆ.

6. ದಾನಿಗಳಿಗೆ ಒಂದು ಮಾತು

ಈ ವರದಿಯಲ್ಲಿ ಚೆಕ್ ಪಡೆಯುತ್ತಿರುವ ಮಕ್ಕಳ ಮುಖದ ಚಿತ್ರಗಳು ಇಲ್ಲ. ನಿಮ್ಮ ಹಣ ತಲುಪಿದ ಗುರುತು ಕಾಣಬೇಕೆಂಬ ಅಪೇಕ್ಷೆ ಸಹಜ. ಆದರೆ ಒಮ್ಮೆ ಇಂಟರ್‌ನೆಟ್‌ಗೆ ಹೋದ ಚಿತ್ರ ಮರಳಿ ಬರುವುದಿಲ್ಲ. ನೆರವು ಪಡೆದ ಹುಡುಗ ನಾಳೆ ನೌಕರಿಗೆ ಹೋದಾಗಲೂ ಆ ಚಿತ್ರ ಅವನ ಹೆಸರಿನ ಜೊತೆ ಉಳಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಲೆಕ್ಕಪತ್ರ ಮತ್ತು ರಸೀದಿಗಳನ್ನು ಕಚೇರಿಯಲ್ಲಿ ಯಾವ ದಾನಿಯಾದರೂ ಬಂದು ನೋಡಬಹುದು.

ವಿದ್ಯಾರ್ಥಿವೇತನದ ಅರ್ಜಿದಾರರ ಗಮನಕ್ಕೆ

ನಮ್ಮ ಟ್ರಸ್ಟ್ ಅರ್ಜಿಗೆ ಶುಲ್ಕ ಪಡೆಯುವುದಿಲ್ಲ, ಯಾರಿಂದಲೂ ಒಟಿಪಿ ಕೇಳುವುದಿಲ್ಲ, ಲಿಂಕ್ ಒತ್ತಿ ಎಂದು ಸಂದೇಶ ಕಳಿಸುವುದಿಲ್ಲ. ಅರ್ಜಿಯ ಜೊತೆ ಈ ನಿಯಮಗಳ ಒಂದು ಪ್ರತಿ ಕೊಡಲಾಗುವುದು. ವಿದ್ಯಾರ್ಥಿ ಮತ್ತು ಪಾಲಕರು ಓದಿ ಸಹಿ ಮಾಡಬೇಕು. ಓದಲು ಬಾರದವರಿಗೆ ಕಚೇರಿಯಲ್ಲಿ ಓದಿ ಹೇಳುತ್ತೇವೆ. ಇಂಟರ್‌ನೆಟ್‌ನಲ್ಲಿ ತೊಂದರೆಗೆ ಸಿಲುಕಿ ನಮಗೆ ತಿಳಿಸಿದ ಕಾರಣಕ್ಕೆ ಯಾವ ವಿದ್ಯಾರ್ಥಿಯ ವೇತನವೂ ನಿಲ್ಲುವುದಿಲ್ಲ, ಹೆಸರೂ ಹೊರಬರುವುದಿಲ್ಲ.

ಈ ಸಂಖ್ಯೆಗಳನ್ನು ಮನೆಯ ಗೋಡೆಯ ಮೇಲೆ ಬರೆದಿಡಿ: ಹಣದ ಮೋಸಕ್ಕೆ 1930, ಮಕ್ಕಳ ಸಹಾಯವಾಣಿ 1098, ಪೊಲೀಸ್ ತುರ್ತು ಕರೆ 112.


ಟ್ರಸ್ಟಿನ ಪದಾಧಿಕಾರಿಗಳು, ರಂಗಂಪೇಟೆ